ಪಾಲ್ ಥರೂ ಅವರ ರೈಲು ಪ್ರವಾಸ ಗ್ರಂಥಗಳು: ಒಂದು ವಿಮರ್ಶೆ

ದೀರ್ಘ ರೈಲು ಪ್ರಯಾಣವನ್ನೇ ವಸ್ತುವನ್ನಾಗಿ ಮಾಡಿಕೊಂಡು ಬರೆದವರಲ್ಲಿ ಅಮೆರಿಕದ ಪಾಲ್ ಥರೂ ಅವರ ಹೆಸರು ಮೊದಲು ನೆನಪಿಗೆ ಬರುತ್ತದೆ. 1973ರಲ್ಲಿ ಲಂಡನ್ನಿನಿಂದ ಹೊರಟು, ತುರ್ಕಿ, ಇರಾನ್, ಭಾರತ, ಬರ್ಮಾ, ವಿಯೆಟ್ನಾಂಗಳನ್ನು ಹಾದು ಜಪಾನನ್ನು ಮುಟ್ಟಿ, ಸೈಬೀರಿಯದ ಮಾರ್ಗವಾಗಿ ಹಿಂದಿರುಗಿದ ವೃತ್ತಾಂತವೇ 1975ರಲ್ಲಿ ಪ್ರಕಟವಾದ ‘ದಿ ಗ್ರೇಟ್ ರೈಲ್ವೆ ಬಜಾರ್’. ಅಫ್ಘಾನಿಸ್ತಾನದಂಥ ರೈಲಿಲ್ಲದ ಕಡೆ ಮಾತ್ರ ಅನ್ಯ ವಾಹನ.

ಅಧ್ಯಾಯಗಳಿಗೆ ಊರುಗಳ ಹೆಸರಿಗಿಂತ ಹೆಚ್ಚಾಗಿ ಗಾಡಿಗಳ ಹೆಸರು: ಖೈಬರ್ ಕಣಿವೆಯ ಲೋಕಲ್, ಕಾಲ್ಕಾ ಮೇಲ್, ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್. ಈ ಗ್ರಂಥಕರ್ತರಿಗೆ ದೇಶವೆಂದರೆ ಡಬ್ಬಿಯೊಳಗಿನ ಜನ, ಅವರ ಮಾತು, ಅವರ ಬುತ್ತಿ. ಬರ್ಮಾದ ಲಾಷಿಯೋ ಮಾರ್ಗದಲ್ಲಿ ಕಾಡಿನ ನಡುವೆ ಎದ್ದುನಿಂತ ಗೊಕ್ತೆಕ್ ಉಕ್ಕಿನ ಸೇತುವೆಯ ವರ್ಣನೆಯನ್ನು ಓದಿದವರು ಮರೆಯಲಾರರು.

ಆದರೆ ಎರಡು ನಿಲ್ದಾಣಗಳ ನಡುವಿನ ಪರಿಚಯದಲ್ಲಿ ಮನುಷ್ಯನನ್ನು ಅಳೆಯಬಹುದೇ? ದೆಹಲಿಯಿಂದ ಮದರಾಸಿಗೆ ಬರುವವನ ಕಣ್ಣಿಗೆ ಹಳಿಯ ಪಕ್ಕದ ಬಡತನ ಬೀಳುತ್ತದೆ. ಹಳಿಯಿಂದ ಎರಡು ಹರದಾರಿ ಒಳಗಿರುವ ಊರು ಬೀಳುವುದಿಲ್ಲ. ಮೊದಲ ಗ್ರಂಥದ ಹಾಸ್ಯ ಬಹುಮಟ್ಟಿಗೆ ಇಂಥ ಅರೆನೋಟದಿಂದ ಹುಟ್ಟಿದ್ದು. ಓರಿಯಂಟ್ ಎಕ್ಸ್‌ಪ್ರೆಸ್ಸಿನ ಸಹಪ್ರಯಾಣಿಕರಾದ ವೃದ್ಧರೊಬ್ಬರು ಇಟಲಿಯ ಡೊಮೊದೊಸ್ಸೊಲಾದಲ್ಲಿ ತಿಂಡಿ ಕೊಳ್ಳಲು ಇಳಿದಾಗ ಗಾಡಿ ಹೊರಟುಬಿಡುತ್ತದೆ. ಥರೂ ಅವರ ಸಾಮಾನನ್ನು ವೆನಿಸ್ಸಿನಲ್ಲಿ ಇಳಿಸಿ, ಆ ವೃದ್ಧರ ಹೆಸರನ್ನೇ ‘ಗಾಡಿ ತಪ್ಪು’ ಎಂಬರ್ಥದ ಕ್ರಿಯಾಪದವನ್ನಾಗಿ ಮಾಡಿ ನಗಿಸುತ್ತಾರೆ. ವಾಚಕರೂ ನಗುತ್ತೇವೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಥರೂ ಜಾಣ ಬರೆಹಗಾರರಷ್ಟೇ ಆಗಿರುತ್ತಿದ್ದರು. ಬ್ರಿಟನ್ನಿನ ಕರಾವಳಿಯನ್ನು ಕುರಿತ 1983ರ ‘ದಿ ಕಿಂಗ್‌ಡಮ್ ಬೈ ದಿ ಸೀ’ ಗ್ರಂಥದಲ್ಲಿ ಅವರು ಆ ವೃದ್ಧರ ಊರನ್ನು ಹುಡುಕಿಕೊಂಡು ಹೋಗುತ್ತಾರೆ. ವೃದ್ಧರು ಆಗಲೇ ತೀರಿಕೊಂಡಿದ್ದರು; ಅಲ್ಲಿ ಕೇಳಿ ತಿಳಿದ ಬಾಳು ರೈಲಿನಲ್ಲಿ ಕಂಡ ಹಾಸ್ಯಪಾತ್ರಕ್ಕಿಂತ ಎಷ್ಟೋ ಹಿರಿದಾಗಿತ್ತು. ನನ್ನ ಮಟ್ಟಿಗೆ ಇದು ಗೊಕ್ತೆಕ್ ಸೇತುವೆಯ ವರ್ಣನೆಗಿಂತ ಮೇಲಾದ ಬರೆಹ.

2006ರಲ್ಲಿ ಅದೇ ಮಾರ್ಗವನ್ನು ಸಾಧ್ಯವಾದಷ್ಟು ಮತ್ತೆ ಹಿಡಿದು, 2008ರಲ್ಲಿ ‘ಘೋಸ್ಟ್ ಟ್ರೇನ್ ಟು ದಿ ಈಸ್ಟರ್ನ್ ಸ್ಟಾರ್’ ಎಂಬ ಗ್ರಂಥವನ್ನು ಹೊರತಂದರು. ಇರಾನಿನ ವೀಸಾ ದೊರೆಯಲಿಲ್ಲ. ಜಾರ್ಜಿಯ, ತುರ್ಕಮೆನಿಸ್ತಾನಗಳ ಸುತ್ತುದಾರಿ. ಮೊದಲ ಪ್ರಯಾಣದ ಕಾಲಕ್ಕೆ ತಮ್ಮ ದಾಂಪತ್ಯ ಬಿರುಕು ಬಿಡುತ್ತಿತ್ತು, ಆ ಸಂಕಟದಲ್ಲೇ ಮೊದಲ ಗ್ರಂಥವನ್ನು ಬರೆದೆ ಎಂದು ಇಲ್ಲಿ ಹೇಳಿಕೊಳ್ಳುತ್ತಾರೆ. ಈ ಮಾತು ತಿಳಿದ ಮೇಲೆ ಮೊದಲ ಗ್ರಂಥದ ಸೈಬೀರಿಯ ಭಾಗವನ್ನು ಮತ್ತೆ ಓದಬೇಕು. ವ್ಲಾಡಿವೊಸ್ಟಾಕ್ ಆಗ ವಿದೇಶೀಯರಿಗೆ ಮುಚ್ಚಿದ ನಗರವಾದ್ದರಿಂದ ನಖೋಡ್ಕಾ ಬಂದರಿನಲ್ಲಿ ಹತ್ತಿದ ಆ ಪ್ರಯಾಣದ ತುಂಬ ಕಹಿ, ಬೇಸರ. ಅದು ಸೈಬೀರಿಯದ ದೋಷವೆಂದೇ ಭಾವಿಸಿದ್ದೆವು. ಕಿಟಕಿಯ ಗಾಜಿನಲ್ಲಿ ಕಂಡದ್ದು ನೋಡುವವರ ಮುಖವೇ!

ವಿಯೆಟ್ನಾಂ ಭಾಗ ಎರಡನೆಯ ಗ್ರಂಥದ ತಿರುಳು. 1973ರಲ್ಲಿ ಯುದ್ಧದಿಂದ ತುಂಡಾಗಿದ್ದ ಮಾರ್ಗದಲ್ಲಿ ಹ್ಯೂಯಿಂದ ದನಾಂಗ್‌ವರೆಗಿನಂಥ ಚೂರುಗಳಷ್ಟೇ ಅವರಿಗೆ ದೊರೆತಿದ್ದವು. 2006ರಲ್ಲಿ ಹನಾಯ್‌ವರೆಗೂ ಗಾಡಿಯಲ್ಲೇ ಹೋಗುತ್ತಾರೆ. ಅಮೆರಿಕನ್ನರ ಮೇಲೆ ಅಲ್ಲಿನ ಜನಕ್ಕೆ ಹಗೆಯಿಲ್ಲದ್ದನ್ನು ಕಂಡು ಬೆರಗಾಗುತ್ತಾರೆ. ಇಲ್ಲಿ ಲೇಖನಿಗೆ ವ್ಯಂಗ್ಯ ಬೇಕಾಗಿಲ್ಲ.

ಸಿಂಗಪುರದ ಪುಟಗಳಲ್ಲಿ ಮಾತ್ರ ಈ ಮಾಗುವಿಕೆ ಕಾಣದು. ಥರೂ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ 1968ರಿಂದ 1971ರವರೆಗೆ ಪಾಠ ಹೇಳಿದವರು, ನಮ್ಮ ವೃತ್ತಿಯವರೇ. ಮೂರು ದಶಕಗಳಾದರೂ ಆ ಊರಿನ ಮೇಲಿನ ಮುನಿಸು ಇಳಿದಿಲ್ಲ.