ನಾಣ್ಯದ ಮೇಲಿನ ಸ್ವಾತಂತ್ರ್ಯದೇವಿ

ಅಮೆರಿಕದ ನಾಣ್ಯಗಳ ಮೇಲೆ ಸ್ವಾತಂತ್ರ್ಯವನ್ನು ಹೆಣ್ಣಿನ ರೂಪದಲ್ಲಿ ಕಾಣಿಸುವುದು ಹಳೆಯ ರೂಢಿ. ಆಕೆಯ ಮುಖ ಬಹುಮಟ್ಟಿಗೆ ಗ್ರೀಕ್ ಪ್ರತಿಮೆಗಳನ್ನು ಹೋಲುತ್ತಿತ್ತು. ಅಲ್ಲಿಯ ಟಂಕಸಾಲೆ ತನ್ನ 225ನೆಯ ವರ್ಷದ ನೆನಪಿಗೆ 2017ರಲ್ಲಿ ಹೊರತಂದ ಚಿನ್ನದ ನಾಣ್ಯದಲ್ಲಿ ಆಕೆ ಆಫ್ರಿಕನ್ ಮೂಲದ ಅಮೆರಿಕನ್ ಹೆಣ್ಣಾಗಿದ್ದಾಳೆ. ಆ ಮುಖವನ್ನು ಚಿತ್ರಿಸಿದವರು ಜಸ್ಟಿನ್ ಕುನ್ಜ್. ಅದನ್ನು ಉಬ್ಬುಶಿಲ್ಪವಾಗಿ ರೂಪಿಸಿದವರು ಫೀಬಿ ಹೆಂಫಿಲ್.

ಅದರ ಚಿತ್ರವನ್ನು ನೋಡಿದಾಗ ನಾನು ಮೊದಲು ಮೆಚ್ಚಿದ್ದು ಕಲಾವಿದರ ಸಂಯಮವನ್ನು. ಮುರಿದ ಸಂಕೋಲೆಯಿಲ್ಲ, ಆರ್ತನೋಟವಿಲ್ಲ. ಪಾರ್ಶ್ವಮುಖ, ನಕ್ಷತ್ರಗಳ ಮುಕುಟ, ಎಲ್ಲವೂ ಸಂಪ್ರದಾಯದವೇ, ಬದಲಾದದ್ದು ಮುಖವೊಂದೇ. ಭಾರತದ ಕಥೆಯನ್ನು ಬಿಡದೆಯೇ ಕರ್ಣನನ್ನು ಹೊಸದಾಗಿ ಕಂಡ ಪಂಪನ ದಾರಿಯೂ ಇಂಥದೇ ಅಲ್ಲವೆ?

ಆದರೂ ನನ್ನದೊಂದು ಆಕ್ಷೇಪವಿದೆ. ಇದು ಒಂದು ಔನ್ಸ್ ಚಿನ್ನ. ಮುಖಬೆಲೆ 100 ಡಾಲರ್. ಕೊಳ್ಳುವವರು ತೆರಬೇಕಾದದ್ದು ಅದರ ಹಲವು ಪಟ್ಟು. ಇದೇ ವಿನ್ಯಾಸದ ಬೆಳ್ಳಿಯ ಪದಕಗಳೂ ಬಂದವು, ಅವೂ ಚಲಾವಣೆಗಲ್ಲ. 1916ರಲ್ಲಿ ವೈನ್‌ಮನ್ ರೂಪಿಸಿದ, ನಡೆದು ಬರುವ ಸ್ವಾತಂತ್ರ್ಯದೇವಿಯಾದರೋ ಅರ್ಧ ಡಾಲರಿನ ಮೇಲೆ ಕುಳಿತು ಕೂಲಿಯವನ ಜೇಬಿಗೂ ಇಳಿದಳು. ಕೈಯಿಂದ ಕೈಗೆ ದಾಟಿ ಸವೆದಾಗಲೇ ನಾಣ್ಯದ ಚಿತ್ರ ಜನರದಾಗುವುದು. ಈ ಹೊಸ ಮುಖ ಸಂಗ್ರಹಕಾರರ ಪೆಟ್ಟಿಗೆಯಲ್ಲೇ ಉಳಿಯಿತು. ಆ ಕೊರತೆ ಕಲಾವಿದರದಲ್ಲ, ಟಂಕಸಾಲೆಯದು.