ಸೈರಾಟ್: ಅಪ್ಪನ ಬುಲೆಟ್, ಮಗಳ ವೇಗ

ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಸೈರಾಟ್’ (2016) ಮಾತು ಬಂದರೆ ಸಾಕು, ನಮ್ಮ ವಿಮರ್ಶಕರು ಕೊನೆಯಲ್ಲಿ ನಡೆಯುವ ಪ್ರೇಮಿಗಳ ಕೊಲೆಗೇ ಹೋಗಿ ನಿಲ್ಲುತ್ತಾರೆ. ಮೊದಲರ್ಧ ಹಾಡು ಕುಣಿತದ ಮಾಮೂಲು ಪ್ರೇಮ, ಟಿಕೆಟ್ ಕೊಂಡವರಿಗೆ ಹಾಕಿದ ಗಾಳ. ನಿಜವಾದ ಸಿನಿಮಾ ಆ ಕೊನೆಯ ಕೆಲವು ನಿಮಿಷ ಮಾತ್ರ ಎಂಬುದು ಅವರ ತೀರ್ಪು. ಈ ತೀರ್ಪು ಚಿತ್ರವನ್ನು ಕುಬ್ಜಗೊಳಿಸಿದೆ. ಆ ಕೊನೆ ಮೈ ನಡುಗಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿತ್ರದ ಬುದ್ಧಿಯೆಲ್ಲ ಕೂತಿರುವುದು ನಾಯಕಿ, ಮೇಲ್ಜಾತಿಯ ಪಾಟೀಲರ ಮಗಳು ಆರ್ಚಿ ಓಡಿಸುವ ಬುಲೆಟ್ಟು, ಟ್ರ್ಯಾಕ್ಟರುಗಳಲ್ಲಿ.

ಮಹಾರಾಷ್ಟ್ರದ ಇಂದಾಪುರದ ಕಡೆಯವರಿಗೆ ಚಿತ್ರ ನಡೆಯುವ ಸೀಮೆಯ ಪರಿಚಯ ಬೇಕಿಲ್ಲ. ಭೀಮಾ ನದಿಯ ಉಜನಿ ಹಿನ್ನೀರಿನ ಈಚೆ ದಂಡೆಗೆ ಇಂದಾಪುರ, ಆಚೆ ದಂಡೆಗೆ ಮಂಜುಳೆ ಹುಟ್ಟಿ ಬೆಳೆದ, ಚಿತ್ರವನ್ನೂ ತೆಗೆದ ಕರಮಾಳಾ ತಾಲ್ಲೂಕು. ಎರಡೂ ಕಡೆ ಕಬ್ಬು, ಸಕ್ಕರೆ ಕಾರ್ಖಾನೆ, ಅದರ ಸುತ್ತ ಬೆಳೆದ ರಾಜಕಾರಣ. ಇದೇ ಭೀಮೆ ಮುಂದೆ ನಮ್ಮ ಕಲಬುರಗಿಗೆ ಇಳಿಯುತ್ತಾಳೆ. ಇಂದಾಪುರದ ಮೇಲೆ ಹಾಯುವ ಹೆದ್ದಾರಿ ಸೊಲ್ಲಾಪುರ, ಹುಮನಾಬಾದ್ ದಾಟಿ ಹೈದರಾಬಾದು ಮುಟ್ಟುತ್ತದೆ. ಪ್ರೇಮಿಗಳು ಓಡಿಹೋಗಿ ಸೇರುವುದೂ ಅಲ್ಲಿಗೇ. ಇಂಥ ಕಡೆ ಗಾಡಿ ಯಾರದೆಂದು ಕೇಳಿದರೆ ಹೊಲ ಯಾರದೆಂಬುದೂ ತಿಳಿಯುತ್ತದೆ.

ಆರ್ಚಿ ಟ್ರ್ಯಾಕ್ಟರ್ ಏರಿ ತನ್ನ ಪ್ರೇಮಿ, ಕೆಳಜಾತಿಯ ಪರಶ್ಯಾನ ಮನೆಗೆ ಬರುವ ದೃಶ್ಯ ನೋಡಿ. ಮೀನು ಹಿಡಿದು ಬದುಕುವ ಬಡವರ ಮನೆ ಅದು. ಅವನ ತಾಯಿಯನ್ನು ನೀರು ಕೇಳುತ್ತಾಳೆ, ಕುಡಿಯುತ್ತಾಳೆ. ಥಿಯೇಟರಿನಲ್ಲಿ ಶಿಳ್ಳೆ ಬೀಳುವ ಜಾಗ. ಪಾಟೀಲರ ಮಗಳು ಆ ಮನೆಯ ನೀರು ಕುಡಿದಳಲ್ಲ! ಶಿಳ್ಳೆ ಸರಿಯೇ. ಆದರೆ ಅವಳು ಬಂದದ್ದು ಅಪ್ಪನ ಟ್ರ್ಯಾಕ್ಟರಿನ ಮೇಲೆ. ಅವಳು ಈ ಅಂಗಳಕ್ಕೆ ಹೇಳದೆ ಕೇಳದೆ ಬರಬಹುದು, ಪರಶ್ಯಾ ಅವಳ ಅಂಗಳಕ್ಕೆ ಹಾಗೆ ಕಾಲಿಡುವಂತಿಲ್ಲ. ನೀರು ಕೊಟ್ಟ ತಾಯಿಗಾದರೂ ಇಲ್ಲ ಎನ್ನುವ ದಾರಿ ಎಲ್ಲಿತ್ತು? ಧೈರ್ಯ ಹುಡುಗಿಯದೇ, ಎಂಜಿನ್ ಮಾತ್ರ ಅಪ್ಪನದು. ಅವಳ ಒಡಹುಟ್ಟಿದ ಪ್ರಿನ್ಸ್ ತುಂಬಿದ ತರಗತಿಯಲ್ಲಿ ಮೇಷ್ಟ್ರ ಕೆನ್ನೆಗೆ ಬಾರಿಸುವುದೂ ಅದೇ ಬಲದ ಮೇಲೆ. ಹೀಗೆ ನೋಡಿದರೆ ಕೊನೆಯಲ್ಲಿ ಆರ್ಚಿಯ ತವರಿನವರು ಉಡುಗೊರೆ ಹಿಡಿದು ಬಂದು ಆರ್ಚಿ-ಪರಶ್ಯಾರ ಮನೆಯಲ್ಲಿ ಕೂರುವುದು ಬರೀ ಕುತೂಹಲ ಹುಟ್ಟಿಸುವ ತಂತ್ರವಾಗಿ ಉಳಿಯುವುದಿಲ್ಲ. ಯಾರು ಯಾರ ಮನೆಗೆ ಕೇಳದೆ ಹೋಗಬಲ್ಲರು ಎಂಬ ಲೆಕ್ಕ ಆ ಟ್ರ್ಯಾಕ್ಟರ್ ಬಂದ ದಿನವೇ ಶುರುವಾಗಿತ್ತು.

ಜಾರ್ಜ್ ಲ್ಯೂಕಾಸ್ ಅವರ ‘ಅಮೆರಿಕನ್ ಗ್ರಫೀಟಿ’ (1973) ಪಕ್ಕಕ್ಕಿಟ್ಟು ನೋಡಿದರೆ ಮಂಜುಳೆ ಮಾಡಿದ್ದೇನೆಂದು ಇನ್ನೂ ಸ್ಪಷ್ಟ. 1962ರ ಒಂದು ರಾತ್ರಿ ಹುಡುಗರು ಊರೆಲ್ಲ ಕಾರು ಸುತ್ತಿಸುತ್ತಾರೆ. ಬೆಳಗಿನ ರೇಸಿನಲ್ಲಿ ಕಾರೊಂದು ಉರುಳಿ ಹೊತ್ತಿ ಉರಿದರೂ ಯಾರೂ ಸಾಯುವುದಿಲ್ಲ. ಒಬ್ಬ ಕುಡುಕನ ಗಾಡಿಗೆ ಸಿಕ್ಕಿ ಸತ್ತದ್ದು, ಇನ್ನೊಬ್ಬ ವಿಯೆಟ್ನಾಮಿನಲ್ಲಿ ಕಾಣೆಯಾದದ್ದು ಕೊನೆಗೆ ತೆರೆಯ ಮೇಲಿನ ಅಕ್ಷರಗಳಲ್ಲಿ ಬರುತ್ತವೆ. ಹುಡುಗಿಯರ ಮುಂದಿನ ಪಾಡಿಗೆ ಅಲ್ಲಿ ಜಾಗವೇ ಇಲ್ಲ. ವಿಮರ್ಶಕಿ ಪಾಲಿನ್ ಕೇಲ್ ಆಗಲೇ ಇದನ್ನು ಆಕ್ಷೇಪಿಸಿದ್ದರು. ಅಲ್ಲಿ ವೇಗ ಹರೆಯದ ಸ್ವತ್ತು, ಸಾವು ಆ ರಾತ್ರಿಯ ಹೊರಗಿನದು. ಇಲ್ಲಿ ವೇಗ ಜಾತಿಯ ಸ್ವತ್ತು, ಹಾಗಾಗಿ ಸಾವು ಸಂತೋಷದ ಒಳಗೇ ಇದೆ. ಸಂಗೀತ ನಿರ್ದೇಶಕರಾದ ಅಜಯ್-ಅತುಲ್ ಲಾಸ್ ಏಂಜಲೀಸಿನಲ್ಲಿ ಧ್ವನಿಮುದ್ರಿಸಿದ ಆ ಭಾರೀ ವಾದ್ಯಮೇಳ ಪರಶ್ಯಾನ ಓಟವನ್ನು ಎತ್ತಿ ಮೆರೆಸುವಾಗ ಅವನು ಓಡುತ್ತಿರುವುದು ಬರಿಗಾಲಿನ ಬಲದಿಂದ ಎಂಬುದನ್ನು ಮರೆಯಬಾರದು.

ಕುಂದಿಲ್ಲವೆಂದಲ್ಲ. ಹೈದರಾಬಾದಿನಲ್ಲಿ ಪರಶ್ಯಾ ಅನುಮಾನಪಟ್ಟು ಆರ್ಚಿಯ ಮೇಲೆ ಕೈಮಾಡುವ ಭಾಗ ಬೇಗ ತಿಳಿಯಾಗಿಬಿಡುತ್ತದೆ. ಅಲ್ಲಿ ಇನ್ನಷ್ಟು ನಿಲ್ಲಬೇಕಿತ್ತು.

ಕೊನೆಯೇ ಚಿತ್ರದ ಜೀವ ಎನ್ನುವವರು ಎಸ್. ನಾರಾಯಣ್ ನಿರ್ದೇಶನದ ಕನ್ನಡ ರೀಮೇಕ್ ‘ಮನಸು ಮಲ್ಲಿಗೆ’ಗೆ (2017) ಉತ್ತರ ಹೇಳಬೇಕು. ಅದೇ ಕಥೆ, ಆರ್ಚಿಯಾಗಿದ್ದ ಅದೇ ರಿಂಕು ರಾಜಗುರು. ಆದರೂ ಅದು ‘ಸೈರಾಟ್’ನಂತೆ ನಮ್ಮನ್ನು ಹಿಡಿದು ಅಲುಗಿಸಲಿಲ್ಲ. ಕಥೆ ಗಡಿ ದಾಟಿತು. ಆ ಗಾಡಿಗಳ ಹಿಂದಿದ್ದ ಹೊಲ, ಕಾರ್ಖಾನೆ, ಕೇರಿಗಳು ಆಚೆಯೇ ಉಳಿದವು. ಭೀಮೆಯ ನಮ್ಮ ದಂಡೆಯಲ್ಲೂ ಕಬ್ಬಿದೆ, ಪಾಟೀಲರಿದ್ದಾರೆ, ಬುಲೆಟ್ಟುಗಳಿವೆ. ಕನ್ನಡದ ನಿರ್ದೇಶಕರು ಕಥೆಯ ಹಕ್ಕು ಕೊಳ್ಳುವ ಬದಲು ಅಲ್ಲಿಗೆ ಕ್ಯಾಮೆರಾ ಒಯ್ಯಬಹುದಿತ್ತು.