‘ಹಾಳು’ ಶಬ್ದದ ಅರ್ಥವಿಚಾರ

ಈಚಿನ ಬರಹಗಾರರಲ್ಲಿ ಅನೇಕರು ‘ಹಾಳು’ ಎಂಬ ಶಬ್ದವನ್ನು ಗ್ರಾಮ್ಯವೆಂದು ಬಗೆದು, ಅದು ಬರಬೇಕಾದೆಡೆಯಲ್ಲೆಲ್ಲ ‘ನಾಶ’ವನ್ನು ತಂದಿಡುತ್ತಿರುವರು. ಮಳೆಗೆ ರಾಗಿ ನಾಶವಾಯಿತಂತೆ. ಕೋಟೆ ನಾಶವಾಗಿ ನಿಂತಿದೆಯಂತೆ! ನಾಶವಾದುದು ನಿಲ್ಲುವುದೆಂತು? ಸಂಸ್ಕೃತದ ಮೇಲಣ ಗೌರವದಿಂದ ಹೀಗೆ ಬರೆಯುವರಾದರೆ, ಸಂಸ್ಕೃತವೇ ಅವರ ಪಕ್ಷವನ್ನು ವಹಿಸುವುದಿಲ್ಲ.

ಧಾತುಪಾಠದಲ್ಲಿ ‘ನಶ್’ ಧಾತುವಿಗೆ ಹೇಳಿರುವ ಅರ್ಥವು ಅದರ್ಶನ, ಎಂದರೆ ಕಾಣದೆ ಹೋಗುವಿಕೆ. ಪಾಣಿನಿಯು ‘ಲೋಪ’ಕ್ಕೂ ಇದೇ ಅರ್ಥವನ್ನು ವಿಧಿಸಿರುವನು. ನಮ್ಮ ‘ಹಾಳು’ ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದುದು. ಹಾಳಾದ ವಸ್ತುವು ಕಣ್ಣೆದುರಿಗೇ ಇರುತ್ತದೆ. ಅದರಲ್ಲಿದ್ದ ಬಾಳು ಮಾತ್ರ ಹೋಗಿರುತ್ತದೆ. ಸಾವನದುರ್ಗವನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲೀಸನ ಸೈನ್ಯವು ಟೀಪುವಿನವರಿಂದ ಕಿತ್ತುಕೊಂಡಿತು. ಅದರ ಗೋಡೆಗಳ ಅವಶೇಷಗಳನ್ನು ಮಾಗಡಿಗೆ ಹೋದವರು ಇಂದಿಗೂ ನೋಡಬಹುದು. ಅದು ಹಾಳು ಕೋಟೆ. 1565ರ ಬಳಿಕದ ಹಂಪೆಯನ್ನು ಜನರು ‘ಹಾಳು ಹಂಪೆ’ ಎಂದರೇ ಹೊರತು ‘ನಷ್ಟ ಹಂಪೆ’ ಎನ್ನಲಿಲ್ಲ.

ರಾಮನಗರ, ಕನಕಪುರಗಳ ಕಡೆಯ ರೇಷ್ಮೆಯ ರೈತರು ಈ ಭೇದವನ್ನು ಯಾವ ಕೋಶವನ್ನೂ ತೆರೆಯದೆ ಬಲ್ಲರು. ಸುಣ್ಣಕಟ್ಟು ರೋಗ ತಗುಲಿದ ಹುಳುವು ಸತ್ತ ಮೇಲೆ ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಬಿರುಸಾಗಿ ತಟ್ಟೆಯಲ್ಲಿಯೇ ಉಳಿಯುತ್ತದೆ. ಹಾಕಿದ ಸೊಪ್ಪು, ಕಾದ ರಾತ್ರಿಗಳು, ಮಾಡಿದ ಸಾಲ ಎಲ್ಲವೂ ಆ ಬಿಳಿಯ ಕಡ್ಡಿಗಳಾಗಿ ಮುಂದೆ ಬಿದ್ದಿರುವಾಗ ಅವನು “ಹುಳು ಹಾಳಾಯಿತು” ಎನ್ನುತ್ತಾನೆ. ಈ ಮಾತನ್ನು ತಿದ್ದಿ ‘ನಾಶ’ವೆಂದು ಅಚ್ಚುಹಾಕಿದರೆ ಅವನ ದುಃಖದ ಅರ್ಧವು ಉಳಿಯದು. ಅದೇ ರೈತನು ಬೀಳು ಬಿಟ್ಟ ಹೊಲವನ್ನು ಹಾಳೆಂದು ಕರೆದರೆ ಒಪ್ಪನು. ಮುಂದಿನ ಮಳೆಗೆ ಅದನ್ನು ಉಳುವ ಮನಸ್ಸು ಅವನಿಗಿದೆ.

ಶಬ್ದದ ಕುಲವೂ ದೊಡ್ಡದು. ಹಳಗನ್ನಡದ ‘ಪಾೞ್’ ಎಂಬುದೇ ಪಕಾರವು ಹಕಾರವಾಗಿ, ೞಕಾರವು ಳಕಾರದಲ್ಲಿ ಬೆರೆತು ‘ಹಾಳು’ ಆಯಿತು. ತಮಿಳಿನಲ್ಲಿ ಅದು ಇನ್ನೂ ‘ಪಾೞ್’ ಆಗಿಯೇ ಇದೆ. ನಮ್ಮಲ್ಲಿಯೂ ಹಳೆಯ ಪಕಾರವು ಪಾಳುಬಾವಿ, ಪಾಳುಮನೆಗಳಲ್ಲಿ ಅಡಗಿ ಕುಳಿತಿದೆ. ಹಾಲು ಹಾಳಾಗುತ್ತದೆ, ಪಾಳಾಗುವುದಿಲ್ಲ. ಜನರು ಬಿಟ್ಟುಹೋದ ನೆಲಕಟ್ಟುಗಳಿಗೆ ಮಾತ್ರ ಪಕಾರವನ್ನು ಮೀಸಲಿಟ್ಟ ಈ ವಿವೇಕವನ್ನು ಯಾವ ವೈಯಾಕರಣನು ಕಲಿಸಿದನೊ!

“ಹಾಳಾದ್ದು, ಕನ್ನಡಕ ಎಲ್ಲಿಟ್ಟೆನೊ” ಎನ್ನುವ ಅಜ್ಜಿಯ ಮಾತನ್ನು ಮುಂದಿಟ್ಟು, ಈ ಶಬ್ದಕ್ಕೆ ನಿಯತವಾದ ಅರ್ಥವೆಲ್ಲಿ ಎಂದು ಕೇಳುವವರುಂಟು. ಕನ್ನಡಕಕ್ಕೆ ಏನೂ ಆಗಿಲ್ಲವೆಂಬುದು ನಿಜ. ಅಲ್ಲಿ ಶಾಪವಿಲ್ಲ, ಸಲಿಗೆಯಿದೆ. ಮನೆಯೊಳಗೆ ಇಷ್ಟು ಸಲಿಗೆಯಿಂದ ಓಡಾಡುವ ಶಬ್ದಕ್ಕೆ ಸಾಹಿತ್ಯದಲ್ಲಿ ಮಣೆಯಿಲ್ಲವೆನ್ನುವುದು ನ್ಯಾಯವೆ?

ಇದಕ್ಕೆ ಸಾಟಿಯಾಗಬಲ್ಲ ಪರಭಾಷಾಶಬ್ದವೊಂದನ್ನು ಮಾತ್ರ ನಾನು ಕಂಡಿರುವೆನು. ಅದು ಸಂಸ್ಕೃತದ್ದಲ್ಲ, ಪಾರಸಿಯದು. ಕಂದಾಯದ ದಫ್ತರದಲ್ಲಿ ಜನವಸತಿಯಿಲ್ಲದ ಗ್ರಾಮವನ್ನು ‘ಬೇಚಿರಾಕ್’ ಎಂದು ಬರೆಯುತ್ತಾರೆ, ದೀಪವಿಲ್ಲದುದು ಎಂದರ್ಥ. ಅಂಥ ಗ್ರಾಮದ ಹೊಲಗಳನ್ನು ನೆರೆಯೂರಿನವರು ಉತ್ತು ಬೆಳೆಯುವುದುಂಟು. ಆದುದರಿಂದ ನೆಲವು ಹಾಳಲ್ಲ, ಊರು ಮಾತ್ರ ಹಾಳು. “ಹಾಳೂರಿಗೆ ಉಳಿದವನೇ ಗೌಡ” ಎಂಬ ಗಾದೆಯಲ್ಲಿ ಉಳಿದವನಾದರೂ ಒಬ್ಬನಿದ್ದಾನೆ. ಬೇಚಿರಾಕಿನಲ್ಲಿ ಅವನೂ ಇಲ್ಲ.